ಫಾರ್ಮ್ಯಾಟ್ ಮಾಡದೆ ಎಬ್ಬಿಸಿದ ಕಂಪ್ಯೂಟರ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸುತ್ತಿನ ನಮ್ಮ ಊರುಗಳಲ್ಲಿ ಆಟಿ ತಿಂಗಳ ಮಳೆಗೆ ಕತ್ತಿಗೆ ತುಕ್ಕು ಹಿಡಿಯುತ್ತದೆ, ಪುಸ್ತಕಕ್ಕೆ ಬೂಷ್ಟು ಬರುತ್ತದೆ. ಅದೇ ತೇವ ಕಂಪ್ಯೂಟರಿನ ಒಳಗೂ ಹೋಗುತ್ತದೆ. ಈ ಸಲ ನಮ್ಮ ಮನೆಯ ಹಳೆಯ ಡೆಸ್ಕ್‌ಟಾಪ್ ಕೈಕೊಟ್ಟಿತು. ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪು. ಪೇಟೆಯ ಅಂಗಡಿಗೆ ಫೋನ್ ಮಾಡಿದರೆ, “ತನ್ನಿ, ಫಾರ್ಮ್ಯಾಟ್ ಮಾಡಿ ಕೊಡುವ” ಎಂದರು. ಅಂದರೆ ಡಿಸ್ಕಿನಲ್ಲಿರುವುದನ್ನು ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು.

ಒಂದಕ್ಷರವೂ ಮೂಡದ ಪರದೆಗೂ ಫಾರ್ಮ್ಯಾಟಿಗೂ ಸಂಬಂಧವೇ ಇಲ್ಲ. ವಿಂಡೋಸ್ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಅದರ ಸರದಿ ಬರುವ ಮೊದಲೇ ಮದರ್‌ಬೋರ್ಡ್ ತನ್ನ ಪ್ರೊಸೆಸರ್, ತಾತ್ಕಾಲಿಕ ನೆನಪಿನ ಪಟ್ಟಿಗಳಾದ ರ‍್ಯಾಮ್, ಡಿಸ್‌ಪ್ಲೇ ಸರಿ ಇವೆಯೇ ಎಂದು ನೋಡಿಕೊಳ್ಳುತ್ತದೆ. ನಮ್ಮದು ಆ ಹಂತವನ್ನೇ ದಾಟಿರಲಿಲ್ಲ. ಅಡಿಕೆಯ ಲೆಕ್ಕ, ಭೂತೆರಿಗೆಯ ರಶೀದಿ, ಅಮ್ಮ ಹೇಳಿದ ಶೋಭಾನೆ ಹಾಡುಗಳ ರೆಕಾರ್ಡಿಂಗ್ ಎಲ್ಲ ಅದರೊಳಗೇ ಇದ್ದವು. ಹಾಗಾಗಿ ನಾನೇ ಬಿಚ್ಚಲು ಕೂತೆ.

ಮಾನಿಟರ್, ಅದರ ಕೇಬಲ್ ಸರಿ ಇದ್ದವು. ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲೆಂದು ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದೆ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿಕೊಂಡೇ ಒಳಗೆ ಕೈ ಹಾಕಿದ್ದು. ಮೈಯಲ್ಲಿರುವ ಸ್ಥಿರ ವಿದ್ಯುತ್ತು ಚಿಪ್ಪುಗಳನ್ನು ಕೆಡಿಸಬಹುದು. ಧೂಳು, ಹಲ್ಲಿಯ ಹಿಕ್ಕೆಗಳನ್ನು ಒಣ ಬ್ರಶ್ಶಿನಿಂದ ತೆಗೆದೆ. ಬಾಯಿಂದ ಊದಬೇಡಿ, ಉಸಿರಲ್ಲೂ ತೇವ ಇದೆ.

ಆಮೇಲಿನ ಪರೀಕ್ಷೆ ನನಗೆ ಬಹಳ ಇಷ್ಟ. ರ‍್ಯಾಮ್ ಪಟ್ಟಿಗಳೆರಡನ್ನೂ ತೆಗೆದಿಟ್ಟು ಆನ್ ಮಾಡಿದೆ. ಬೋರ್ಡು ಬೀಪ್ ಬೀಪ್ ಎಂದು ಕೂಗಿತು. ರ‍್ಯಾಮ್ ಇಲ್ಲ ಎಂದು ದೂರಬೇಕಾದರೆ ಪ್ರೊಸೆಸರೂ ಬೋರ್ಡೂ ಬದುಕಿರಲೇಬೇಕಲ್ಲ! ಬೀಪ್ ಸ್ಪೀಕರ್ ಇಲ್ಲದ ಬೋರ್ಡುಗಳಲ್ಲಿ ಮಾತ್ರ ಇದು ನಡೆಯದು. ಮತ್ತೆ ಪ್ಲಗ್ ಕಿತ್ತು, ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ರಬ್ಬರಿಗೆ ಕಪ್ಪು ಹತ್ತಿತು. ಚೂರುಗಳನ್ನು ಒರೆಸಿ, ಒಂದೇ ಪಟ್ಟಿಯನ್ನು ಎರಡೂ ತುದಿಯಲ್ಲಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದೆ. ಪರದೆ ಬೆಳಗಿತು. ಇನ್ನೊಂದನ್ನು ಹಾಕಿದಾಗಲೂ ತೊಂದರೆ ಬರಲಿಲ್ಲ.

ಆದರೆ ವಿಂಡೋಸ್ ಏಳಲಿಲ್ಲ. ಎಫ್1 ಒತ್ತಿ ಎಂಬ ಸೂಚನೆ, ಬಳಿಕ ನೀಲಿ ಪರದೆ, ತನ್ನಷ್ಟಕ್ಕೆ ರೀಸ್ಟಾರ್ಟ್, ಪುನಃ ಅದೇ.

“ಮಾವ, ಇನ್ನು ಫಾರ್ಮ್ಯಾಟೇ ಗತಿಯಾ?” ಎಂದ ಅಳಿಯ.

“ತಡಿ, ತಾರೀಕು ಎಂತ ತೋರಿಸುತ್ತಿದೆ ನೋಡು.”

ಬಯೋಸ್‌ನಲ್ಲಿ (ಬೋರ್ಡಿನದೇ ಸೆಟ್ಟಿಂಗುಗಳ ಪುಟದಲ್ಲಿ) ತಾರೀಕು ಎಷ್ಟೋ ವರ್ಷ ಹಿಂದಿನದು! ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಅಳೆದಾಗ 3 ವೋಲ್ಟ್ ಇರಬೇಕಾದಲ್ಲಿ 2.2 ಇತ್ತು. ಅದರ ಹೆಸರು ಸಿಆರ್2032, ಅಂದರೆ ಅಗಲ 20 ಮಿಲಿಮೀಟರ್, ದಪ್ಪ 3.2. ಅಂಗಡಿಯಲ್ಲಿ ಅದೇ ಅಂಕಿ ಹೇಳಿ ಕೇಳಿ, ಬರಹ ಇರುವ ಮುಖ ಮೇಲೆ ಬರುವಂತೆ ಹಾಕಿ.

ಬ್ಯಾಟರಿ ಸತ್ತರೆ ತಾರೀಕು ಮಾತ್ರವಲ್ಲ, ನಾವು ಮಾಡಿಟ್ಟ ಬಯೋಸ್ ಸೆಟ್ಟಿಂಗುಗಳೂ ಅಳಿಸಿಹೋಗಬಹುದು. ನಮ್ಮ ವಿಂಡೋಸನ್ನು ಹಾಕಿದ್ದು ಸಾಟಾ ಮೋಡ್, ಅಂದರೆ ಬೋರ್ಡು ಡಿಸ್ಕಿನೊಡನೆ ಮಾತಾಡುವ ರೀತಿ, ಎಎಚ್‌ಸಿಐ ಇದ್ದಾಗ. ಈ ಹಳೆಯ ಬೋರ್ಡು ಎಲ್ಲ ಮರೆತು ಐಡಿಇ ಎಂಬ ಹಳೆಯ ರೀತಿಗೆ ಮರಳಿತ್ತು. ಆಗ ವಿಂಡೋಸಿಗೆ ತಾನು ಕೂತಿರುವ ಡಿಸ್ಕೇ ಕಾಣುವುದಿಲ್ಲ.

ಅದನ್ನು ಬದಲಿಸುವ ಮೊದಲು ಡಿಸ್ಕಿನಲ್ಲಿರುವುದನ್ನು ಉಳಿಸಿಕೊಳ್ಳಬೇಕಿತ್ತು. ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ವಿಂಡೋಸಿನ ಬದಲು ಬಳಸುವ, ಉಬುಂಟು ಆಧಾರಿತ ಲಿನಕ್ಸಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮ ಅಳಿಯನಿಗೆ ಅದು ವಿಂಡೋಸಿಗಿಂತ ಚೆನ್ನಾಗಿ ಗೊತ್ತು. ಅವನೇ ಪೆನ್‌ಡ್ರೈವಿನಿಂದ ಉಬುಂಟು ಎಬ್ಬಿಸಿದ. ಇನ್‌ಸ್ಟಾಲ್ ಅಲ್ಲ, ಡಿಸ್ಕಿಗೆ ಏನನ್ನೂ ಹಾಕದ ‘ಟ್ರೈ’ ಎಂಬುದನ್ನೇ ಆರಿಸಬೇಕು. ಅಮ್ಮನ ಹಾಡುಗಳು ಸಮೇತ ಎಲ್ಲ ಫೈಲುಗಳೂ ತೆರೆದುಕೊಂಡವು. ಬೇರೆ ಡಿಸ್ಕಿಗೆ ನಕಲು ಮಾಡಿದೆವು. ಫೈಲುಗಳು ಇಷ್ಟು ಸಲೀಸಾಗಿ ಓದಿಸಿಕೊಂಡ ಮೇಲೆ ಡಿಸ್ಕನ್ನು ಶಂಕಿಸುವ ಕಾರಣ ಉಳಿಯಲಿಲ್ಲ. ಬಯೋಸಿಗೆ ಹೋಗಿ ತಾರೀಕು ಸರಿಮಾಡಿ, ಎಎಚ್‌ಸಿಐ ಆರಿಸಿ, ಎಫ್10 ಒತ್ತಿ ಉಳಿಸಿದೆ. ವಿಂಡೋಸ್ ನೆಟ್ಟಗೆ ತೆರೆಯಿತು. ಬಯೋಸಿನ ಪ್ರತಿ ಪುಟದ ಫೋಟೊ ಈಗ ನನ್ನ ಫೋನಿನಲ್ಲಿದೆ.

ಫ್ಯಾನೇ ತಿರುಗದಿದ್ದರೆ ದಾರಿ ಬೇರೆ, ಅಲ್ಲಿ ಮೊದಲ ಸಂಶಯ ಕರೆಂಟು ಒದಗಿಸುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಮೇಲೆ. ಆ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಹೊಡೆಯುವಷ್ಟು ಕರೆಂಟು ಉಳಿದಿರಬಹುದು. ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದ್ದರೂ ಅದು ಬಲ್ಲವರ ಕೆಲಸ. ಹಾಗೆ ಅಂಗಡಿಗೆ ಒಯ್ಯಲೇಬೇಕಾದರೆ ಹಾರ್ಡ್ ಡಿಸ್ಕನ್ನು ಕ್ಯಾಬಿನೆಟ್ಟಿನಿಂದ ಕಳಚಿ ಮನೆಯಲ್ಲೇ ಇಟ್ಟು ಹೋಗಿ. ಬೋರ್ಡು, ಎಸ್‌ಎಂಪಿಎಸ್ ನೋಡಲು ಅವರಿಗೆ ಅದು ಬೇಡ.