ಹೈಕೋರ್ಟ್ ಮೆಟ್ಟಿಲು ಹತ್ತುವ ಮುನ್ನ ಕಡತ ಬಿಚ್ಚಿ ನೋಡಿ

ಮುಂಬೈ ಬಳಿಯ ಡೊಂಬಿವಿಲಿಯ ಕನ್ನಡಿಗರ ಮನೆಗಳಲ್ಲಿ ಕೋರ್ಟಿನ ಮಾತು ಬಂದಾಗ ಒಂದು ವಾಕ್ಯ ತಪ್ಪದೆ ಕಿವಿಗೆ ಬೀಳುತ್ತದೆ: "ಕಲ್ಯಾಣದ ಕೋರ್ಟಿನಲ್ಲಿ ನಮ್ಮ ಮಾತು ಕೇಳಲಿಲ್ಲ, ಹೈಕೋರ್ಟಿನಲ್ಲಿ ಎಲ್ಲವನ್ನೂ ಹೇಳಿಬಿಡುತ್ತೇವೆ." ಹಾಗೆ ಹೇಳಲು ಅಲ್ಲಿ ಅವಕಾಶವಿಲ್ಲ. ಮುಂಬೈಯ ಓವಲ್ ಮೈದಾನದ ಎದುರು, 1878ರಲ್ಲಿ ಕಟ್ಟಿ ಮುಗಿಸಿದ ಬಾಂಬೆ ಹೈಕೋರ್ಟಿನ ಆ ಕಲ್ಲಿನ ಕಟ್ಟಡದಲ್ಲಿ ಮೇಲ್ಮನವಿ ನಡೆಯುವಾಗ ಕಕ್ಷಿದಾರ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಸಾಕ್ಷಿಕಟ್ಟೆ ಹತ್ತುವವರಿಲ್ಲ, ಪಾಟಿ ಸವಾಲಿಲ್ಲ. ಕೆಳ ನ್ಯಾಯಾಲಯದಿಂದ ತರಿಸಿದ ಕಡತವನ್ನು ನ್ಯಾಯಮೂರ್ತಿಗಳು ಓದುತ್ತಾರೆ, ವಕೀಲರು ಪುಟ ತೋರಿಸುತ್ತಾರೆ. ಕಡತದಲ್ಲಿ ಇಲ್ಲದ್ದು ಬಹುಮಟ್ಟಿಗೆ ಇಲ್ಲವೇ ಇಲ್ಲ.

ಈ ಓದು ಹೇಗೆ ನಡೆಯುತ್ತದೆಂದು ತಿಳಿಯಲು ಎರಡು ಪ್ರಕರಣಗಳನ್ನು ಕಲ್ಪಿಸಿಕೊಳ್ಳೋಣ. ಒಂದು, ಅಣ್ಣತಮ್ಮಂದಿರ ನಡುವಿನ ಡೊಂಬಿವಿಲಿಯ ಮನೆಯ ವ್ಯಾಜ್ಯ. ತಂದೆ ಕನ್ನಡದಲ್ಲಿ ಕೈಯಾರೆ ಬರೆದ ಉಯಿಲು, ಕೆಳಗೆ ಇಬ್ಬರು ಸಾಕ್ಷಿಗಳ ರುಜು. ಇನ್ನೊಂದು, ಠಾಣೆಯ ಸೆಷನ್ಸ್ ನ್ಯಾಯಾಲಯದಲ್ಲಿ ಕೊಲೆಗಾಗಿ ಜೀವಾವಧಿ ಶಿಕ್ಷೆಯಾದ, ಕುಂದಾಪುರ ಕಡೆಯ ಹೋಟೆಲ್ ಕೆಲಸಗಾರನದು.

ಮೊದಲು ಬಾಗಿಲು ಯಾವುದು ನೋಡಿ

ಬಾಂಬೆ ಹೈಕೋರ್ಟಿಗೆ ಎರಡು ಮುಖ. ಒಂದು ಮೂಲ ವಿಭಾಗ. ಮುಂಬೈ ನಗರದ ದೊಡ್ಡ ಮೊತ್ತದ ಸಿವಿಲ್ ದಾವೆಗಳು ನೇರವಾಗಿ ಇಲ್ಲಿ ದಾಖಲಾಗಿ, ಸಾಕ್ಷ್ಯವೂ ಇಲ್ಲಿಯೇ ನಡೆಯುತ್ತದೆ. ಮೊದಲು ಒಂದು ಕೋಟಿ ರೂಪಾಯಿ ಮೀರಿದರೆ ಇಲ್ಲಿಗೆ ಬರಬಹುದಿತ್ತು. ಈಚಿನ ತಿದ್ದುಪಡಿಯಿಂದ ಆ ಗಡಿ 10 ಕೋಟಿಗೆ ಏರಿದೆ, ಅದಕ್ಕಿಂತ ಕೆಳಗಿನವು ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತವೆ. ಇನ್ನೊಂದು ಮೇಲ್ಮನವಿ ವಿಭಾಗ. ನಮ್ಮ ಎರಡೂ ಪ್ರಕರಣಗಳು ಅಲ್ಲಿಗೇ. ಸರ್ಕಾರದ ಅಥವಾ ಪಾಲಿಕೆಯ ಆದೇಶ ಪ್ರಶ್ನಿಸುವುದಾದರೆ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ. ಅದರ ದಾರಿ ಬೇರೆಯೇ, ಇಲ್ಲಿ ಬಿಡೋಣ.

ದಿನ ಎಣಿಸಿ, ನಕಲು ತೆಗೆಯಿರಿ

ಸೆಷನ್ಸ್ ನ್ಯಾಯಾಲಯದ ಶಿಕ್ಷೆಯ ವಿರುದ್ಧ ಮೇಲ್ಮನವಿ ಹಾಕಲು 60 ದಿನ, ಮರಣದಂಡನೆಯಾದರೆ 30. ಸಿವಿಲ್ ಡಿಕ್ರಿಯ, ಅಂದರೆ ದಾವೆಯ ಅಂತಿಮ ಆದೇಶದ, ವಿರುದ್ಧ ಹೈಕೋರ್ಟಿಗೆ 90. ದೃಢೀಕೃತ ನಕಲಿಗೆ ಅರ್ಜಿ ಹಾಕಿ ಅದು ಸಿದ್ಧವಾಗುವವರೆಗಿನ ದಿನಗಳನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಆದ್ದರಿಂದ ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿ, ಅಳುವುದು ಸಂಜೆಗಿರಲಿ. ತಡವಾದರೆ ವಿಳಂಬ ಮನ್ನಾ ಅರ್ಜಿ ಹಾಕಬಹುದು, ಕಾರಣ ನಂಬುವಂತಿರಬೇಕು. ಹಣವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ: ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ.

ಕನ್ನಡದ ಕಾಗದ ಇಂಗ್ಲಿಷಿಗೆ

ಹೈಕೋರ್ಟಿನ ಭಾಷೆ ಇಂಗ್ಲಿಷ್. ತಂದೆಯ ಉಯಿಲಿನಲ್ಲಿ ಹೀಗಿದೆ ಎಂದುಕೊಳ್ಳಿ: "ಮನೆ ದೊಡ್ಡವನ ಕೈಯಲ್ಲಿ ಇರಲಿ. ಚಿಕ್ಕವನು ಬಂದರೆ ಅವನಿಗೂ ನೆಲೆ ಇರಲಿ." ಈ "ಕೈಯಲ್ಲಿ ಇರಲಿ" ಎಂಬುದನ್ನು ಅನುವಾದಕ ಒಡೆತನವೆಂದು ಬರೆದರೆ ಅಣ್ಣ ಅರ್ಧ ಗೆದ್ದಂತೆ. ನೋಡಿಕೊಳ್ಳುವ ಹೊಣೆಯೆಂದು ಬರೆದರೆ ತಮ್ಮನಿಗೆ ಜೀವ ಬಂದಂತೆ. ಅನುವಾದ ಹೈಕೋರ್ಟಿಗೆ ಬಂದ ಮೇಲಲ್ಲ, ಕೆಳ ನ್ಯಾಯಾಲಯದಲ್ಲಿ ಸಲ್ಲಿಸುವಾಗಲೇ ಕನ್ನಡ ಬಲ್ಲವರಿಂದ ಸಾಲುಸಾಲಾಗಿ ಓದಿಸಬೇಕು. ಆಕ್ಷೇಪವಿದ್ದರೆ ಆಗಲೇ ಎತ್ತಬೇಕು. ಬಹಳ ಮನೆಗಳವರು ಇದನ್ನು ಗುಮಾಸ್ತರ ಕೆಲಸವೆಂದು ಬಿಟ್ಟುಬಿಡುತ್ತಾರೆ. ನನ್ನನ್ನು ಕೇಳಿದರೆ ದೊಡ್ಡ ವಕೀಲರ ಶುಲ್ಕಕ್ಕಿಂತ ಮೊದಲು ಖರ್ಚು ಮಾಡಬೇಕಾದದ್ದು ಇದಕ್ಕೆ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳ ಮೇಲ್ಮನವಿಗಳೂ ಈ ಕಟ್ಟಡಕ್ಕೇ ಬರುತ್ತಿದ್ದವು. ಹಳೆಯ ಬಾಂಬೆ ತೀರ್ಪು ಸಂಪುಟಗಳಲ್ಲಿ ನಮ್ಮ ಊರುಗಳ ದತ್ತು, ಪಾಲು, ವತನಗಳ ಜಗಳ ಕಾಣಸಿಗುತ್ತವೆ. ಕನ್ನಡದ ಕಾಗದಕ್ಕೆ ಈ ನ್ಯಾಯಾಲಯ ಹೊಸದೇನಲ್ಲ.

ಆಕ್ಷೇಪಗಳು, ನಂತರ ಬೋರ್ಡ್

ಮೇಲ್ಮನವಿ ಸಲ್ಲಿಸಿದ ಕೂಡಲೇ ಸಿಗುವುದು ತಾತ್ಕಾಲಿಕ ಸಂಖ್ಯೆ ಮಾತ್ರ. ಪುಟಸಂಖ್ಯೆ ತಪ್ಪಿದೆ, ಪ್ರತಿ ಮಸುಕಾಗಿದೆ, ಶುಲ್ಕ ಸಾಲದು ಎಂದು ಕಚೇರಿ ಆಕ್ಷೇಪ ಎತ್ತುತ್ತದೆ. ಅವನ್ನು ಕೊಟ್ಟ ಗಡುವಿನೊಳಗೆ ತೀರಿಸದಿದ್ದರೆ ಪ್ರಕರಣ ವಾದವಿಲ್ಲದೆಯೇ ಬಿದ್ದುಹೋಗಬಹುದು. ಆಮೇಲಿನದು ಕಾಯುವಿಕೆ. ಆಯಾ ದಿನ ವಿಚಾರಣೆಗೆ ಬರುವ ಪ್ರಕರಣಗಳ ಪಟ್ಟಿಗೆ ಇಲ್ಲಿ ಎಲ್ಲರೂ ಬೋರ್ಡ್ ಎನ್ನುತ್ತಾರೆ. "ಬೋರ್ಡ್ ಮೇಲೆ ಬಂದಿದೆಯೇ?" ಎಂಬುದು ಕಾರಿಡಾರಿನ ಕುಶಲಪ್ರಶ್ನೆ. ಬಂದರೂ ಸರದಿ ಮುಟ್ಟದೆ ಸಂಜೆಯಾಗಬಹುದು. ಡೊಂಬಿವಿಲಿಯಿಂದ ರೈಲು ಹತ್ತುವ ಮೊದಲು ಹಿಂದಿನ ರಾತ್ರಿ ಹೈಕೋರ್ಟಿನ ಜಾಲತಾಣದಲ್ಲಿ ಪಟ್ಟಿ ನೋಡಿ.

ಸಿವಿಲ್ ವಾದ: ಪ್ರಶ್ನೆ ಎಲ್ಲಿದೆ?

ಕಲ್ಯಾಣದ ಸಿವಿಲ್ ನ್ಯಾಯಾಲಯ ಅಣ್ಣನ ಪರ ತೀರ್ಪು ಕೊಟ್ಟಿದೆ, ಮೊದಲ ಮೇಲ್ಮನವಿಯಲ್ಲಿ ಜಿಲ್ಲಾ ನ್ಯಾಯಾಧೀಶರೂ ಎತ್ತಿಹಿಡಿದಿದ್ದಾರೆ. ತಮ್ಮ ಈಗ ಬರುವುದು ಎರಡನೆಯ ಮೇಲ್ಮನವಿಗೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನಡಿ. ಇಲ್ಲಿ ಬಾಗಿಲು ಕಿರಿದು: ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ ಪ್ರವೇಶ. ತಂದೆ ರುಜು ಹಾಕಿದ್ದು ನಿಜವೇ, ಸಾಕ್ಷಿಗಳು ನೋಡಿದ್ದರೇ ಎಂಬುದು ಸಂಗತಿ. ಎರಡು ನ್ಯಾಯಾಲಯಗಳು ಒಂದೇ ಉತ್ತರ ಕೊಟ್ಟಿದ್ದರೆ, ಅದು ಸಾಕ್ಷ್ಯಕ್ಕೆ ತೀರಾ ವಿರುದ್ಧವಾಗಿದ್ದ ಹೊರತು ಹೈಕೋರ್ಟ್ ಮುಟ್ಟುವುದಿಲ್ಲ. ಆದರೆ "ಕೈಯಲ್ಲಿ ಇರಲಿ" ಎಂದರೆ ಕಾನೂನಿನ ಕಣ್ಣಿಗೆ ಏನು? ಹಕ್ಕನ್ನು ನಿರ್ಧರಿಸುವ ಪತ್ರದ ಅರ್ಥ ಕಾನೂನಿನ ಪ್ರಶ್ನೆಯಾಗಬಲ್ಲದು. ಯಾವುದು ಮಹತ್ವದ್ದು ಎಂಬುದಕ್ಕೆ ವಕೀಲರು ಇಂದಿಗೂ ಎತ್ತುವುದು ಸುಪ್ರೀಂ ಕೋರ್ಟಿನ 1962ರ ಸರ್ ಚುನ್ನಿಲಾಲ್ ಮೆಹ್ತಾ ಪ್ರಕರಣವನ್ನು. ಅದೂ ಮುಂಬೈಯಿಂದಲೇ ಹೋದದ್ದು, ಅದೂ ಒಂದು ಕರಾರಿನ ಅರ್ಥದ ಜಗಳವೇ.

ತಮ್ಮನ ವಕೀಲರು ಜಾಣರಾದರೆ ರುಜುವಿನ ಮಾತನ್ನೇ ಬಿಟ್ಟು ಎರಡನೆಯ ವಾಕ್ಯ ಹಿಡಿಯುತ್ತಾರೆ: ಇಡೀ ಮನೆ ಅಣ್ಣನದಾಗಿದ್ದರೆ ತಮ್ಮನಿಗೆ ನೆಲೆ ಇರಲಿ ಎಂದು ತಂದೆ ಬರೆದದ್ದು ಏತಕ್ಕೆ? ಉಯಿಲನ್ನು ಒಟ್ಟಾಗಿ ಓದಿ ಬರೆದವನ ಮನಸ್ಸನ್ನು ಹುಡುಕಬೇಕು ಎಂಬುದು ನಿಯಮ. ನ್ಯಾಯಮೂರ್ತಿಗಳು ಒಪ್ಪಿದರೆ ಪ್ರಶ್ನೆಯನ್ನು ಬರೆದಿಟ್ಟು, ಮೇಲ್ಮನವಿಯನ್ನು ಅಂಗೀಕರಿಸಿ, ಮನೆ ಮಾರದಂತೆ ತಡೆ ಕೊಡಬಹುದು. ಒಪ್ಪದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯಿತು.

ಕ್ರಿಮಿನಲ್ ವಾದ: ಟ್ಯೂಬ್‌ಲೈಟ್ ಎಲ್ಲಿತ್ತು?

ಇಲ್ಲಿ ಹೈಕೋರ್ಟಿನ ಕೈ ಹೆಚ್ಚು ಉದ್ದ. ಜೀವಾವಧಿ ಶಿಕ್ಷೆಯ ಮೇಲ್ಮನವಿ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗುತ್ತದೆ, ಸಾಕ್ಷ್ಯವನ್ನೆಲ್ಲ ಅವರು ಹೊಸದಾಗಿ ತೂಗಬೇಕು. ವಿಚಾರಣೆ ಬರುವವರೆಗೆ ಶಿಕ್ಷೆ ಅಮಾನತಿಟ್ಟು ಜಾಮೀನು ಕೇಳಬಹುದು. ಕೊಲೆಯ ಪ್ರಕರಣದಲ್ಲಿ ಅದು ಸುಲಭವಲ್ಲ.

ಹೋಟೆಲಿನ ಷಟರ್ ಎಳೆದ ಮೇಲೆ ಹಿತ್ತಿಲಲ್ಲಿ ಜಗಳ, ಒಂದೇ ಇರಿತ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಂಡೆ ಎಂದು ಸಾಕ್ಷಿ ನ್ಯಾಯಾಲಯದಲ್ಲಿ ಹೇಳಿದ್ದಾನೆ. ವಕೀಲರು ಸ್ಥಳ ಪಂಚನಾಮೆಯ, ಅಂದರೆ ಪಂಚರ ಮುಂದೆ ಸ್ಥಳದಲ್ಲಿ ಕಂಡದ್ದನ್ನು ಪೊಲೀಸರು ಬರೆದಿಟ್ಟ ಕಾಗದದ, ಪುಟ ತೆರೆಯುತ್ತಾರೆ: ಬಾವಿ, ತೊಳೆಯುವ ಕಲ್ಲು, ಎರಡು ಸಿಲಿಂಡರ್, ಎಲ್ಲವೂ ಇವೆ, ದೀಪವಿಲ್ಲ. ಪೊಲೀಸರ ಮುಂದಿನ ಹೇಳಿಕೆಯಲ್ಲೂ ದೀಪದ ಮಾತಿಲ್ಲ. ಆ ಲೋಪವನ್ನು ಪಾಟಿ ಸವಾಲಿನಲ್ಲಿ ತನಿಖಾಧಿಕಾರಿಯಿಂದಲೂ ಒಪ್ಪಿಸಲಾಗಿದೆ. ಠಾಣೆಯ ವಕೀಲರು ಅಂದು ಆ ಒಂದು ಪ್ರಶ್ನೆ ಕೇಳದಿದ್ದರೆ ಇಂದು ಮುಂಬೈಯಲ್ಲಿ ತೋರಿಸಲು ಪುಟವೇ ಇರುತ್ತಿರಲಿಲ್ಲ. ಸಿವಿಲ್‌ನಲ್ಲಿ ತಕ್ಕಡಿ ಒಂದು ಕಡೆಗೆ ತುಸು ವಾಲಿದರೂ ಆ ಕಡೆಯವರು ಗೆಲ್ಲಲು ಸಾಕು. ಇಲ್ಲಿ ಸಮಂಜಸ ಸಂಶಯ ಉಳಿದರೆ ಬಿಡುಗಡೆ.

ನಡುವಿನ ದಾರಿಯೂ ಇದೆ. ಇರಿದದ್ದು ಅವನೇ ಎಂದು ನಂಬಿದರೂ, ಹಠಾತ್ ಜಗಳ, ಮುನ್ಸಂಚಿಲ್ಲ, ಕ್ರೌರ್ಯ ತೋರಿಲ್ಲ ಎಂದು ಕಂಡರೆ ಕೊಲೆಯನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸಿ ಶಿಕ್ಷೆ ಕಡಿಮೆ ಮಾಡುತ್ತಾರೆ. ಇಬ್ಬರು ನ್ಯಾಯಮೂರ್ತಿಗಳಲ್ಲಿ ಭಿನ್ನಮತ ಬಂದರೆ ಮೂರನೆಯವರ ಮುಂದೆ ಹೋಗುತ್ತದೆ. ಕೆಳಗೆ ಖುಲಾಸೆಯಾದವನ ವಿರುದ್ಧ ಸರ್ಕಾರ ಬಂದಿದ್ದರೆ ಲೆಕ್ಕ ಬೇರೆ: ಸಾಕ್ಷ್ಯಕ್ಕೆ ಎರಡು ಅರ್ಥ ಸಾಧ್ಯವಿದ್ದರೆ ಖುಲಾಸೆಯೇ ಉಳಿಯುತ್ತದೆ.

ತೀರ್ಪಾದ ಮೇಲೆ

ಕೆಲವು ತೀರ್ಪುಗಳನ್ನು ಅಲ್ಲಿಯೇ ಶೀಘ್ರಲಿಪಿಗಾರರಿಗೆ ಹೇಳಿ ಬರೆಸುತ್ತಾರೆ, ಕೆಲವನ್ನು ಕಾಯ್ದಿರಿಸುತ್ತಾರೆ. ರಿಟ್ ಅರ್ಜಿಗಳ ಆದೇಶದಲ್ಲಿ "ರೂಲ್ ಮೇಡ್ ಆಬ್ಸೊಲ್ಯೂಟ್" ಎಂದಿದ್ದರೆ ಅರ್ಜಿದಾರ ಗೆದ್ದ, "ರೂಲ್ ಡಿಸ್ಚಾರ್ಜ್ಡ್" ಎಂದಿದ್ದರೆ ಸೋತ. ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು 90 ದಿನ. ಡಿಕ್ರಿಯ ಜಾರಿ ಮತ್ತೆ ಕಲ್ಯಾಣದಲ್ಲೇ. ತಂದೆಯ ಅಕ್ಷರದ ಆ ಉಯಿಲಿನ ಮೂಲಪ್ರತಿಯೂ ಅದೇ ಕಡತದಲ್ಲಿರುತ್ತದೆ. ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಲು ಅಲ್ಲಿ ಅರ್ಜಿ ಹಾಕಬೇಕು. ಕೇಳದೆ ಯಾರೂ ತಂದುಕೊಡುವುದಿಲ್ಲ.