ಅಟ್ಟದ ಮೇಲಿದ್ದ ಎರಡು ಕೊಳಗ

ಸಾಗರದ ನಮ್ಮ ಹಳೇ ಮನೆಯ ಹೆಂಚು ತೆಗೆಸುವಾಗ ಅಟ್ಟದಿಂದ ಒಂದು ತಗಡಿನ ಟ್ರಂಕು ಇಳಿಯಿತು. ಒಳಗೆ ಅಜ್ಜನ ಲೆಕ್ಕದ ಪುಸ್ತಕಗಳು. ಸಂವತ್ಸರಕ್ಕೊಂದರಂತೆ, ವಿರೋಧಿಯಿಂದ (1949-50) ರಾಕ್ಷಸದವರೆಗೆ (1975-76), ಇಪ್ಪತ್ತೇಳು. ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದಲ್ಲಿ ‘ಶ್ರೀ’, ಅದರ ಮೇಲೆ ಒಣಗಿದ ಕುಂಕುಮ. ರದ್ದಿಗೆ ಹಾಕೋಣ ಎಂದರು ಮನೆಯವರು. ನಾನು ಬಿಡಲಿಲ್ಲ. ಎರಡು ವರ್ಷ ಕೂತು ಓದಿ ನಮ್ಮ ಮನೆಯ ಕಥೆ ಬರೆದು ಮುಗಿಸಿದ್ದೇನೆ. ಇಂಥದೇ ಟ್ರಂಕು ಅಟ್ಟದ ಮೇಲೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ಫೋಟೊ. ಬೆಳಗಿನ ಬೆಳಕಿಗೆ ಜಗಲಿಯಲ್ಲಿ ಕೂತು, ಪುಟ ಒತ್ತದೆ, ತೆರೆದಷ್ಟೇ ತೆರೆದು ಮೊಬೈಲಿನಲ್ಲಿ ತೆಗೆದೆ. ಹುಳು ತಿಂದ ಪುಟಗಳನ್ನು ಎರಡನೇ ಸಲ ಮುಟ್ಟಲೇ ಇಲ್ಲ.

ಆಮೇಲೆ ಅಂಕಿ. ಮೊದಮೊದಲು ಏನೂ ತಿಳಿಯಲಿಲ್ಲ. ರೂಪಾಯಿಯ ಅಂಕಿಯ ಪಕ್ಕ ಬರೀ ಗೆರೆಗಳು. ನಿಂತ ಗೆರೆ ಒಂದಕ್ಕೆ ನಾಲ್ಕಾಣೆ, ಮಲಗಿದ ಗೆರೆ ಒಂದಕ್ಕೆ ಒಂದಾಣೆ ಎಂದು ಸೋದರತ್ತೆ ಹೇಳಿಕೊಟ್ಟರು. ೩ರ ಮುಂದೆ ಎರಡು ನಿಂತ ಗೆರೆ, ಒಂದು ಮಲಗಿದ ಗೆರೆ ಇದ್ದರೆ ಮೂರು ರೂಪಾಯಿ ಒಂಬತ್ತಾಣೆ. 1957ರ ಏಪ್ರಿಲ್ ಒಂದಕ್ಕೆ ನಯಾಪೈಸೆ ಬಂತು. ಅಜ್ಜ ಮಾತ್ರ ಹೇವಿಳಂಬಿಯ ಪುಸ್ತಕ ಮುಗಿಯುವವರೆಗೂ ಗೆರೆಯನ್ನೇ ಎಳೆದು, ಅಂಚಿನಲ್ಲಿ ಸಣ್ಣಗೆ ಪೈಸೆ ಲೆಕ್ಕ ಹಾಕಿಕೊಂಡಿದ್ದಾರೆ.

ಕಾಲ ಹೊಂದಿಸುವುದರಲ್ಲಿ ನಾನು ಎಡವಿದೆ. ಸಂವತ್ಸರ ಶುರುವಾಗುವುದು ಯುಗಾದಿಗೆ. ಮಾಘ, ಫಾಲ್ಗುಣದ ಬಾಬುಗಳು ಇಂಗ್ಲಿಷ್ ಲೆಕ್ಕದಲ್ಲಿ ಮುಂದಿನ ವರ್ಷಕ್ಕೆ ಹೋಗುತ್ತವೆ. ಶೋಭಕೃತ್ ಮಾಘದಲ್ಲಿ ‘ಹೊಳೆಯಾಚೆಯಿಂದ ಗಾಡಿ ಬಾಡಿಗೆ’ ಎಂದಿತ್ತು. ನಾನು 1963 ಎಂದು ಬರೆದುಕೊಂಡಿದ್ದೆ. ‘ಅಕ್ಕ ಮನೆ ಬಿಟ್ಟು ಬಂದಿದ್ದು ಡ್ಯಾಮು ಮುಗಿದ ವರ್ಷ’ ಎಂದು ಅತ್ತೆ ಪಟ್ಟು ಹಿಡಿದರು. ಅವರದೇ ಸರಿ, 1964. ಲಿಂಗನಮಕ್ಕಿ ಡ್ಯಾಮಿನ ನೀರಿಗೆ ಕರೂರು ಹೋಬಳಿಯಲ್ಲಿದ್ದ ದೊಡ್ಡತ್ತೆಯ ಮನೆ, ತೋಟ ಎಲ್ಲ ಹೋಯಿತು. ಹನ್ನೆರಡು ರೂಪಾಯಿ ಬಾಡಿಗೆಯ ಆ ಒಂದು ಸಾಲಿನಲ್ಲಿ ಅವರ ಇಡೀ ಸಂಸಾರ ಗಾಡಿ ಹತ್ತಿ ಬಂದಿದೆ. ಅತ್ತೆಗೆ ಇಸವಿ ಕೇಳಿದರೆ ನೆನಪಾಗುವುದಿಲ್ಲ. ವಸ್ತು ಕೈಗೆ ಕೊಡಬೇಕು. ಬೀಸುವ ಕಲ್ಲು, ಕಡೆಗೋಲು, ಹಳೆಯ ಬೀಗ, ಹೀಗೆ ಒಂದೊಂದನ್ನೇ ಎದುರಿಗಿಟ್ಟು ಅವರು ಆಡಿದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ.

ಅಟ್ಟದಿಂದ ಕೊಳಗಗಳನ್ನು, ಅಂದರೆ ಭತ್ತ ಅಳೆಯುವ ಪಾತ್ರೆಗಳನ್ನು, ಇಳಿಸಿದ್ದೂ ಹಾಗೇ. ಎರಡಿದ್ದವು. ದೂರದಿಂದ ನೋಡಿದರೆ ಅವಳಿ. ಅತ್ತೆ ಎರಡನ್ನೂ ಸವರಿ, ‘ಇದು ಕೊಡೋ ಕೊಳಗ, ಇದು ತಗೊಳ್ಳೋ ಕೊಳಗ’ ಎಂದು ಸುಮ್ಮನಾದರು.

ನಾನು ಒಳಗಿಂದ ಭತ್ತ ತಂದೆ. ಚಿಕ್ಕದಕ್ಕೆ ತುಂಬಿ, ಅಂಗೈಯಿಂದ ಅಂಚಿನ ಮಟ್ಟಕ್ಕೆ ಸವರಿ, ಅದನ್ನು ದೊಡ್ಡದಕ್ಕೆ ಸುರಿದೆ. ಮೇಲೆ ನಾಲ್ಕು ಬೆರಳು ಖಾಲಿ ಉಳಿಯಿತು. ಬೆರಳಿಟ್ಟು ಮತ್ತೆ ಮತ್ತೆ ನೋಡಿದೆ. ನಾಲ್ಕೇ.

ಅಷ್ಟು ದಿನ ನನಗೆ ಬಿಡಿಸಲಾಗದ ಅಕ್ಷರವೊಂದಿತ್ತು. ಗೇಣಿಯ, ಅಂದರೆ ನಮ್ಮ ಗದ್ದೆ ಉಳುವವರು ಅಳೆದುಕೊಡುತ್ತಿದ್ದ ಭತ್ತದ, ಬಾಬುಗಳ ಮುಂದೆಲ್ಲ ‘ದೊ’ ಎಂದಿತ್ತು. ದೊಡ್ಡಗದ್ದೆ ಇರಬೇಕು ಅಂದುಕೊಂಡಿದ್ದೆ. ಅದು ದೊಡ್ಡ ಕೊಳಗ.

ನಮ್ಮೂರಿನ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಈ ಕೊಳಗದ ಗಾತ್ರದ ಮೇಲೇ. ಒಡೆಯರು ದೊಡ್ಡ ಕೊಳಗದಲ್ಲಿ ಗೇಣಿ ಅಳೆಯುತ್ತಾರೆ, ಇದು ನಿಲ್ಲಬೇಕು ಎಂಬುದು ಅವರ ಮಾತು. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜೊತೆಗೂಡಿದರು, ಅದೇ ಪಕ್ಷದ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದನ್ನೆಲ್ಲ ಶಾಲೆಯಲ್ಲಿ ಓದಿ ಪರೀಕ್ಷೆ ಬರೆದವನು ನಾನು. ನಮ್ಮದೇ ಅಟ್ಟದ ಮೇಲೆ ಆ ಜಗಳದ ಮೂಲ ಕೂತಿದೆ ಎಂದು ತಿಳಿದಿರಲಿಲ್ಲ. ಖರ ಸಂವತ್ಸರದ, ಅಂದರೆ ಅದೇ ವರ್ಷದ ಪುಸ್ತಕ ತೆಗೆದು ಸಾಲು ಸಾಲು ಓದಿದೆ. ಸತ್ಯಾಗ್ರಹದ ಸುದ್ದಿ ಒಂದಕ್ಷರ ಇಲ್ಲ. ‘ದೊ’ ಇದೆ. ನಂದನದಲ್ಲಿ ಇದೆ, ವಿಜಯದಲ್ಲಿ ಇದೆ. ಜಯ ಸಂವತ್ಸರದ (1954-55) ಸುಗ್ಗಿಯಿಂದ ಇಲ್ಲ. 1974ರ ಭೂಸುಧಾರಣೆ ಕಾನೂನಿನಲ್ಲಿ ಆ ಗದ್ದೆಯೇ ಉತ್ತವರ ಹೆಸರಿಗೆ ಹೋಯಿತು. ಕೊನೆಯ ಪುಸ್ತಕದಲ್ಲಿ ಗೇಣಿಯ ಪುಟ ಖಾಲಿ.

ಇದನ್ನು ಬರೆಯಬೇಡ, ಸತ್ತವರ ಮಾನ ಯಾಕೆ ತೆಗೀತೀಯ ಎಂದು ಮನೆಯಲ್ಲಿ ಮಾತು ಬಂತು. ಮೂರು ತಿಂಗಳು ಕೆಲಸ ನಿಂತಿತು. ನನಗೆ ಮಡಿಲಲ್ಲಿ ಕೂರಿಸಿಕೊಂಡು ಅ ಆ ಇ ಈ ತಿದ್ದಿಸಿದ್ದು ಇದೇ ಅಜ್ಜ. ‘ದೊ’ ಬರೆದದ್ದೂ ಅದೇ ಕೈ. ನೆಂಟರನ್ನು ಗಾಡಿ ಕಳಿಸಿ ಕರೆಸಿಕೊಂಡದ್ದನ್ನು ಬರೆದು ಇದನ್ನು ಬಿಟ್ಟರೆ ಅದು ಚರಿತ್ರೆಯಲ್ಲ, ಮದುವೆ ಕರೆಯೋಲೆ. ಎರಡನ್ನೂ ಬರೆದೆ.

ಬರೆದು ಆದಮೇಲೆ ಆ ಗದ್ದೆ ಮಾಡುತ್ತಿದ್ದವರ ಮನೆಗೆ ಹೋದೆ. ಅವರ ಹಿರಿಯರ ಲೆಕ್ಕವಿದ್ದ ಪುಟಗಳ ಪ್ರತಿ ತೆಗೆದಿಟ್ಟಿದ್ದೆ. ಕಾರಿನಲ್ಲಿ ಎರಡೂ ಕೊಳಗ ಇದ್ದವು. ತೊಂಬತ್ತರ ಹತ್ತಿರದ ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಮೊಮ್ಮಗ ಕೊಳಗಗಳನ್ನು ಅವರ ಮುಂದಿಟ್ಟ. ಒಂದರೊಳಗೆ ಕೈ ಇಳಿಸಿ ತೆಗೆದರು. ಇನ್ನೊಂದರೊಳಗೆ ಇಳಿಸಿ, ಮೊಣಕೈವರೆಗೆ ಹೋದ ಕೈಯನ್ನು ಅಲ್ಲೇ ಬಿಟ್ಟುಕೊಂಡು, ‘ಇದು’ ಎಂದರು. ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗನಿಗೆ ಭತ್ತ ತರಲು ಹೇಳಿದರು. ಅವರ ಅಂಗಳದಲ್ಲಿ ನಾವು ಮೂವರೂ ಕೂತು ಇನ್ನೊಮ್ಮೆ ಅಳೆದೆವು.

ಪುಟಗಳನ್ನು ಅವರಿಗೆ ಕೊಟ್ಟೆ. ದೊಡ್ಡ ಕೊಳಗವೂ ಈಗ ಅವರ ಮನೆಯಲ್ಲೇ ಇದೆ.