ಚುಕ್ಕೆ ಫೈಲಿಗೆ ಬೀಗ ಹಾಕಿದ್ದು

ಕೋಲಾರದಲ್ಲಿ ನಮ್ಮ ಮಾವನ ಟೊಮೆಟೊ ಮಂಡಿ ಇದೆ. ದಿನದ ರೇಟು ತೋರಿಸುವ ಅವರ ಸೈಟನ್ನು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಮೇಲೆ ನಾನೇ ನಡೆಸುತ್ತೇನೆ. ಒಂದು ರಾತ್ರಿ ಸುಮ್ನೆ ಆಕ್ಸೆಸ್ ಲಾಗ್, ಅಂದರೆ ಸೈಟಿನಲ್ಲಿ ಯಾರು ಏನು ಕೇಳಿದರು ಅನ್ನುವ ದಾಖಲೆ, ತೆರೆದೆ. ಯಾರೋ ಗುಟ್ಟಿನ ಸೆಟ್ಟಿಂಗ್ ಇಡುವ 'ಡಾಟ್ ಎನ್ವ್' (.env) ಫೈಲ್ ಕೇಳಿದ್ದರು. ನಮ್ಮ ಸರ್ವರ್ 200, ಅಂದರೆ 'ಸರಿ, ತಗೋ' ಅಂತ ಹೇಳಿ ಕೊಟ್ಟೂ ಬಿಟ್ಟಿತ್ತು! ಡೇಟಾಬೇಸ್ ಪಾಸ್‌ವರ್ಡ್ ಇದ್ದದ್ದೇ ಅದರಲ್ಲಿ. ಎದೆ ಧಸಕ್ಕೆಂದಿತು.

ಮೊದಲು ಪಾಸ್‌ವರ್ಡ್ ಬದಲಿಸಿದೆ. ಆ ಫೈಲನ್ನು ಸೈಟಿಗೆ ಬಂದವರಿಗೆ ಸಿಗುವ ಫೋಲ್ಡರಾದ ವೆಬ್ ರೂಟಿನಿಂದ ಹೊರಗೆ ಹಾಕಿದೆ. ಹೆಸರು ಚುಕ್ಕೆಯಿಂದ (ಡಾಟ್) ಶುರುವಾಗುವ ಎಲ್ಲದಕ್ಕೂ ಸರ್ವರ್ ಸೆಟ್ಟಿಂಗಿನಲ್ಲಿ 'ಡಿನೈ ಆಲ್', ಅಂದರೆ ಯಾರಿಗೂ ಕೊಡಬೇಡ ಅಂತ ಬರೆದೆ. ಎಡವಿದ್ದು ಇಲ್ಲೇ. ಸೈಟಿನ ಸಂಪರ್ಕ ಸುರಕ್ಷಿತ (https) ಮಾಡುವ ನನ್ನ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟಿನ ಆಯಸ್ಸು 90 ದಿನ. ಅದನ್ನು ರಿನ್ಯೂ ಮಾಡುವಾಗ 'ಡಾಟ್ ವೆಲ್‌-ನೋನ್' ಫೋಲ್ಡರಿನಲ್ಲಿ ಸೈಟು ನನ್ನದೇ ಅಂತ ತೋರಿಸುವ ಒಂದು ಫೈಲ್ ಅವರಿಗೆ ಸಿಗಬೇಕು. ಅದಕ್ಕೂ ಬೀಗ ಬಿದ್ದಿತ್ತು. ಆ ಫೋಲ್ಡರಿಗೆ ಬೇರೆ ಲೊಕೇಶನ್ ಬ್ಲಾಕ್ (ಅದಕ್ಕಷ್ಟೇ ಬೇರೆ ನಿಯಮ) ಕೊಟ್ಟ ಮೇಲೆ, ರಿನ್ಯೂ ಮಾಡುವ ಸರ್ಟ್‌ಬಾಟ್ ತಂತ್ರಾಂಶದ ಡ್ರೈ ರನ್ (ಪರೀಕ್ಷೆಯ ಓಟ) ಪಾಸಾಯಿತು.

ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ಟಿಎಲ್‌ಎಸ್ ವಿಧಾನದ ಹಳೆಯ ವರ್ಶನ್ 1.0, 1.1 ತೆಗೆದು 1.2, 1.3 ಮಾತ್ರ ಉಳಿಸಿದೆ. ಸರ್ವರಿನ ವರ್ಶನ್ ಹೊರಗೆ ಹೇಳುವ 'ಸರ್ವರ್ ಟೋಕನ್ಸ್' ಆಫ್ ಮಾಡಿದೆ. ವರ್ಶನ್ ಮುಚ್ಚಿಟ್ಟರೆ ಕಳ್ಳ ನಿಲ್ಲುವುದಿಲ್ಲ, ನಿಜ. ಆದರೂ ಡಂಗುರ ಯಾಕೆ ಸಾರಬೇಕು, ಅಲ್ವಾ? ಟೆಸ್ಟ್ ಮಾಡಿ ರೀಲೋಡ್ ಕೊಟ್ಟೆ.

ಬೆಳಗ್ಗೆ ಲಾಗ್ ನೋಡಿದರೆ ಅದೇ ಫೈಲಿಗೆ ಸಾಲು ಸಾಲು 403, ಅಂದರೆ 'ಪ್ರವೇಶವಿಲ್ಲ'. ಮಾವನಿಗೆ ತೋರಿಸಿದೆ. "ಅದಿರಲಿ ಕಣಪ್ಪಾ, ಇವತ್ತಿನ ರೇಟು ಹಾಕಿದ್ಯಾ?" ಅಂದರು.